ಹೊಸ ಬಿಡಿಭಾಗ ಹಾಕಿದ ಮೇಲೆ ಹಳೆಯ ಡೆಸ್ಕ್‌ಟಾಪ್ ಏಳದಿದ್ದರೆ: ದೋಷ ಪತ್ತೆಯ ಕ್ರಮ

ಹತ್ತು ಹನ್ನೆರಡು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ರ‍್ಯಾಮ್ ಹೆಚ್ಚಿಸಿದಾಗ, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ, ಚಿಪ್ಪುಗಳ ಡಿಸ್ಕ್) ಕೂರಿಸಿದಾಗ ಅಥವಾ ಗ್ರಾಫಿಕ್ಸ್ ಕಾರ್ಡ್ ಸೇರಿಸಿದಾಗ, ಅದುವರೆಗೆ ತಕರಾರಿಲ್ಲದೆ ನಡೆಯುತ್ತಿದ್ದ ಯಂತ್ರ ಏಕಾಏಕಿ ಮೊಂಡು ಹಿಡಿಯುವುದುಂಟು. ಆಗ ಎಲ್ಲರ ಅನುಮಾನವೂ ಹೊಸ ಭಾಗದ ಮೇಲೆಯೇ ಹೋಗುತ್ತದೆ; ಅದನ್ನು ಮರಳಿಸಿ ಇನ್ನೊಂದನ್ನು ತಂದು ಹಾಕಿದರೂ ಅದೇ ಪಾಡು ಎಂದಾದ ಮೇಲಷ್ಟೇ ಗಮನ ಬೇರೆಡೆ ಹೊರಳುತ್ತದೆ. ನಾನು ಬಿಚ್ಚಿ ನೋಡಿದ ಯಂತ್ರಗಳ ಮಟ್ಟಿಗೆ ಹೇಳುವುದಾದರೆ, ಹೊಸ ಭಾಗವೇ ಕೆಟ್ಟಿದ್ದದ್ದು ಅಪರೂಪ. ಹೊಸತು ತನ್ನ ಪಕ್ಕದ ಹಳತರಿಂದ ಏನನ್ನೋ ಬೇಡುತ್ತದೆ, ದಣಿದ ಪವರ್ ಸಪ್ಲೈಗೋ ಬರಿದಾದ ಬಟನ್ ಸೆಲ್ಲಿಗೋ ಹಳೆಯ ಬಯಾಸಿಗೋ (ಯಂತ್ರ ಹೊತ್ತಿದೊಡನೆ ಮೊದಲು ಓಡಿ ಭಾಗಗಳನ್ನು ಗುರುತಿಸುವ ಒಳಗಿನ ಮೂಲ ತಂತ್ರಾಂಶ) ಅದನ್ನು ಪೂರೈಸಲಾಗುವುದಿಲ್ಲ. ದೋಷ ಹುಟ್ಟುವುದು ಹೆಚ್ಚಾಗಿ ಅಲ್ಲಿ. ಆದ್ದರಿಂದ ಈ ಕೈಪಿಡಿಯಲ್ಲಿ ಹುಡುಕಾಟ ಆರಂಭವಾಗುವುದು ಹಳೆಯ ಯಂತ್ರದಿಂದ.

ಮೊದಲು ಹಿಂದಿನ ಸ್ಥಿತಿಗೆ

ಯಂತ್ರವನ್ನು ಅದು ಕೊನೆಯ ಬಾರಿ ಸರಿಯಾಗಿ ನಡೆದ ಸ್ಥಿತಿಗೆ ಮರಳಿಸದೆ ಯಾವ ಪರೀಕ್ಷೆಗೂ ಕೈಹಾಕಬಾರದು. ಗೋಡೆಯ ಸ್ವಿಚ್ ಆರಿಸಿ, ವೈರನ್ನು ಹಿಂದಿನಿಂದ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಇಳಿದುಹೋಗುತ್ತದೆ. ಬಣ್ಣ ಬಳಿಯದ ಲೋಹದ ಭಾಗವನ್ನೊಮ್ಮೆ ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡ ಮೇಲೆ, ಒಳಗಿನ ವೈರುಗಳ ಒಂದೆರಡು ಫೋಟೊ ತೆಗೆದಿಟ್ಟುಕೊಂಡು, ಹೊಸ ಭಾಗವನ್ನು ಹೊರತೆಗೆದು ಹಳೆಯದನ್ನು ಇದ್ದಲ್ಲೇ ಕೂರಿಸಬೇಕು.

ಈಗ ಯಂತ್ರ ಎದ್ದರೆ, ಹೊಸ ಭಾಗಕ್ಕೂ ಈ ಮದರ್‌ಬೋರ್ಡಿಗೂ (ಎಲ್ಲ ಭಾಗಗಳೂ ಸೇರುವ ಮುಖ್ಯ ಫಲಕ; ಮುಂದೆ ಬರೀ ಬೋರ್ಡ್) ಏನೋ ಹೊಂದುತ್ತಿಲ್ಲ ಎಂದಷ್ಟೇ ತಿಳಿಯುತ್ತದೆ. ಹಳೆಯ ಭಾಗಗಳಲ್ಲೇ ಏಳದಿದ್ದರೆ, ಕೆಲಸ ಮಾಡುವಾಗ ಕೈ ತಾಗಿ ಯಾವುದೋ ವೈರು ಸಡಿಲಾಗಿದೆ ಅಥವಾ ರ‍್ಯಾಮ್ ಅರ್ಧ ಎದ್ದಿದೆ ಎಂದು ತಿಳಿಯಬೇಕು. ಕ್ಯಾಬಿನೆಟ್ ಮಲಗಿಸಿ ಎಸ್‌ಎಸ್‌ಡಿ ಸಿಕ್ಕಿಸುವಾಗ ಮೊಣಕೈ ತಾಗಿ ರ‍್ಯಾಮ್ ಕ್ಲಿಪ್ ಸರಿಯುವುದು ಯಾರಿಗೂ ಆಗಬಹುದಾದದ್ದೇ. ರ‍್ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಮೂರನ್ನೂ ಒಂದೇ ಸಂಜೆ ಹಾಕಿದ್ದರೆ ಮೂರನ್ನೂ ತೆಗೆದು, ಒಂದೊಂದನ್ನೇ ಸೇರಿಸುತ್ತ, ಪ್ರತಿ ಸಲವೂ ಯಂತ್ರವನ್ನು ಆರಂಭಿಸಿ ನೋಡಬೇಕು. ಬೇಸರದ ಕೆಲಸ, ನಿಜ. ಆದರೆ ಮೂರನ್ನೂ ಒಟ್ಟಿಗಿಟ್ಟುಕೊಂಡು ತರ್ಕ ಮಾಡುತ್ತ ಕೂರುವುದು ಅದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ.

ಯಂತ್ರ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದನ್ನು ಗಮನಿಸಿದರೆ ಹುಡುಕಾಟದ ಅರ್ಧ ದಾರಿ ಸವೆದಂತೆ. ಫ್ಯಾನ್ ತಿರುಗುವುದೇ ಇಲ್ಲವೆಂದರೆ ಅಥವಾ ಒಂದು ಸೆಕೆಂಡು ತಿರುಗಿ ನಿಂತರೆ ವಿದ್ಯುತ್ ಪೂರೈಕೆಯನ್ನು ನೋಡಬೇಕು. ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿಯೇ ಇದ್ದರೆ ರ‍್ಯಾಮ್, ಗ್ರಾಫಿಕ್ಸ್ ಇಲ್ಲವೇ ಪ್ರೊಸೆಸರಿನ ವಿದ್ಯುತ್ ವೈರನ್ನು ಶಂಕಿಸಬೇಕು. ಬೋರ್ಡಿನ ಲಾಂಛನ ಮೂಡಿಯೂ ವಿಂಡೋಸ್ ಬಾರದಿದ್ದರೆ ತೊಡಕಿರುವುದು ಡಿಸ್ಕಿನ ಕಡೆ. ಎಲ್ಲ ಸರಿಯಾಗಿ ಎದ್ದು ಗಂಟೆಯ ನಂತರ ಸ್ತಬ್ಧವಾಗುವುದು ಇವೆಲ್ಲಕ್ಕಿಂತ ಕಷ್ಟದ ಪ್ರಕಾರ. ಅದನ್ನು ಕೊನೆಗೆ ನೋಡೋಣ.

ಪವರ್ ಸಪ್ಲೈ

ನಮ್ಮಲ್ಲಿ ಹೆಚ್ಚಿನವರು ಎಸ್‌ಎಂಪಿಎಸ್ ಎಂದೇ ಕರೆಯುವ ಈ ಪೆಟ್ಟಿಗೆಯಿಂದ ಮದರ್‌ಬೋರ್ಡಿಗೆ ಎರಡು ಮುಖ್ಯ ವೈರುಗಳು ಹೋಗುತ್ತವೆ: 24 ಪಿನ್ನಿನ ದೊಡ್ಡದು, ಮತ್ತು ಪ್ರೊಸೆಸರಿನ ಬಳಿ ಸಿಕ್ಕಿಸುವ 4 ಅಥವಾ 8 ಪಿನ್ನಿನ ಚಿಕ್ಕದು. ಈ ಚಿಕ್ಕದನ್ನು ಮರೆತರೆ ಫ್ಯಾನುಗಳು ತಿರುಗುತ್ತವೆ, ದೀಪ ಹೊತ್ತುತ್ತದೆ, ಪರದೆಯಲ್ಲಿ ಮಾತ್ರ ಏನೂ ಕಾಣುವುದಿಲ್ಲ, ಏಕೆಂದರೆ ಪ್ರೊಸೆಸರಿಗೆ ಬೇಕಾದ 12 ವೋಲ್ಟ್ ಆ ವೈರಿನಿಂದಲೇ ಬರಬೇಕು. ಕ್ಯಾಬಿನೆಟ್ಟಿನ ಬಟನ್ನೇ ಕೆಟ್ಟಿದೆಯೆಂಬ ಅನುಮಾನವಿದ್ದರೆ, ಬೋರ್ಡಿನ ಮೂಲೆಯಲ್ಲಿ ಆ ಬಟನ್ನಿನ ವೈರು ಸಿಕ್ಕಿಸುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಕ್ಷಣಕಾಲ ಕೂಡಿಸಿ ನೋಡಬಹುದು.

ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಅದರ ವೈರುಗಳೆಲ್ಲವನ್ನೂ ಯಂತ್ರದಿಂದ ಬಿಡಿಸಿ, 24 ಪಿನ್ನಿನ ತುದಿಯಲ್ಲಿರುವ ಒಂದೇ ಒಂದು ಹಸಿರು ವೈರನ್ನು ಯಾವುದಾದರೊಂದು ಕಪ್ಪು ವೈರಿಗೆ ಸಣ್ಣ ತಂತಿಯಿಂದ ಕೂಡಿಸಿ, ಆಮೇಲೆ ಗೋಡೆಯ ಸ್ವಿಚ್ ಹಾಕಬೇಕು. ಕೆಲವು ಹಳೆಯ ಪೆಟ್ಟಿಗೆಗಳು ಹೊರೆಯಿಲ್ಲದೆ ಏಳುವುದಿಲ್ಲವಾದ್ದರಿಂದ ಒಂದು ನಿರುಪಯುಕ್ತ ಹಾರ್ಡ್‌ಡಿಸ್ಕನ್ನು ಸಿಕ್ಕಿಸಿಡುವುದು ಒಳ್ಳೆಯದು. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳು ವೈರು ಕಿತ್ತ ಮೇಲೂ ಪ್ರಾಣಾಂತಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಮಲ್ಟಿಮೀಟರ್ ಇದ್ದರೆ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.46 ವೋಲ್ಟ್ ಸಿಗಬೇಕು. ಆದರೆ ಹೊರೆಯಿಲ್ಲದಾಗ ಸಿಕ್ಕ ಅಂಕಿಯನ್ನು ನಂಬಿ ಕೈತೊಳೆದುಕೊಳ್ಳಬಾರದು. ದಣಿದ ಎಸ್‌ಎಂಪಿಎಸ್ ಸುಮ್ಮನಿದ್ದಾಗ 12.1 ತೋರಿಸಿ, ಗ್ರಾಫಿಕ್ಸ್ ಕಾರ್ಡ್ ದುಡಿಯತೊಡಗಿದ ಕೂಡಲೇ 11.2ಕ್ಕೆ ಕುಸಿಯಬಹುದು. ಆದ್ದರಿಂದ ಎಲ್ಲವನ್ನೂ ಜೋಡಿಸಿ, ಯಂತ್ರ ನಡೆಯುತ್ತಿರುವಾಗಲೇ, ಡಿಸ್ಕಿಗೆಂದು ಬಂದ ಬಿಳಿಯ ನಾಲ್ಕು ಪಿನ್ನಿನ ಖಾಲಿ ತುದಿಯೊಂದರಲ್ಲಿ ಹಳದಿ ಮತ್ತು ಕಪ್ಪಿನ ನಡುವೆ ಅಳೆಯುವುದು ಹೆಚ್ಚು ನಂಬಿಕೆಯ ದಾರಿ.

ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ದೊಡ್ಡಕ್ಷರದ 450 ವ್ಯಾಟಿಗೆ ಮರುಳಾಗದೆ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ಓದಬೇಕು. ಅಲ್ಲಿ 16 ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸಿಗೂ ಸೇರಿ ದಕ್ಕುವುದು 192 ವ್ಯಾಟ್ ಮಾತ್ರ. ಗ್ರಾಫಿಕ್ಸ್ ಕಾರ್ಡ್ ತನ್ನ ಸ್ಲಾಟಿನಿಂದ ಗರಿಷ್ಠ 75 ವ್ಯಾಟ್ ಎಳೆಯಬಹುದು. 6 ಪಿನ್ನಿನ ವೈರು ಮತ್ತೆ 75, 8 ಪಿನ್ನಿನದು 150 ವ್ಯಾಟ್ ಸೇರಿಸುತ್ತದೆ. ಆಟ ತೆರೆದೊಡನೆ ಯಂತ್ರ ಏನೂ ಹೇಳದೆ ಆರಿಹೋಗುವುದು ಈ ಲೆಕ್ಕ ತಪ್ಪಿದ್ದರ ಲಕ್ಷಣ. ಹಳೆಯ ಪೆಟ್ಟಿಗೆಯಲ್ಲಿ ಸಾಟಾ (ಡಿಸ್ಕುಗಳನ್ನು ಜೋಡಿಸುವ ಈಚಿನ ಬಗೆ) ತುದಿಗಳು ಸಾಲದೆ ಬಿಳಿಯ ತುದಿಗೆ ಪರಿವರ್ತಕ ಹಾಕುವವರು, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಕ ಹೊಯ್ದಂತಿರುವ ತುದಿಯ ವೈರುಗಳನ್ನು ಬಿಟ್ಟು, ಪಿನ್ನುಗಳು ಬಿಡಿಬಿಡಿಯಾಗಿ ಕಾಣುವಂಥವನ್ನು ಆರಿಸಿಕೊಳ್ಳಬೇಕು. ಎರಕದವು ಒಳಗೊಳಗೇ ಶಾರ್ಟ್ ಆಗಿ ಸುಟ್ಟ ನಿದರ್ಶನಗಳಿವೆ.

ಈ ಹಂತದಲ್ಲೇ ಮದರ್‌ಬೋರ್ಡಿನ ಮೇಲೆ ಒಂದು ಟಾರ್ಚ್ ಬಿಡುವುದು ಲೇಸು. ಪ್ರೊಸೆಸರಿನ ಸುತ್ತ ನಿಂತಿರುವ ಡಬ್ಬಿಯಾಕಾರದ ಕೆಪಾಸಿಟರುಗಳ ನೆತ್ತಿ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಇಲ್ಲವೇ ಕಂದು ಬಣ್ಣದ ಅಂಟು ಒಸರಿದ್ದರೆ, ಆ ಬೋರ್ಡಿಗೆ ಹೊಸ ಭಾಗ ಹಾಕುವ ಯೋಚನೆಯನ್ನೇ ಬಿಡುವುದು ಉತ್ತಮ.

ರ‍್ಯಾಮ್

ರ‍್ಯಾಮ್ ಗುರುತಾಗದಿದ್ದಾಗ ಬಯಾಸ್ ಬೀಪ್ ಶಬ್ದ ಮಾಡುತ್ತದೆ, ಬೋರ್ಡಿನಲ್ಲಿ ಪುಟ್ಟ ಸ್ಪೀಕರ್ ಇದ್ದರೆ. ಅವಾರ್ಡ್ ಬಯಾಸಿನಲ್ಲಿ ಬಿಡದೆ ಮರುಕಳಿಸುವ ಬೀಪ್ ರ‍್ಯಾಮಿನ ದೂರು, ಒಂದು ದೀರ್ಘ ಎರಡು ಹ್ರಸ್ವ ಬೀಪ್ ಗ್ರಾಫಿಕ್ಸಿನ ದೂರು. ಎಎಂಐ ಬಯಾಸಿನಲ್ಲಿ ಗ್ರಾಫಿಕ್ಸಿಗೆ ಎಂಟು ಹ್ರಸ್ವ ಬೀಪ್. ತಯಾರಕರು ಈ ಸಂಕೇತಗಳನ್ನು ತಮಗೆ ಬೇಕಾದಂತೆ ಬದಲಿಸಿರುವುದರಿಂದ ಬೋರ್ಡಿನ ಕೈಪಿಡಿಯ ಪಟ್ಟಿಯೇ ಅಂತಿಮ. ರ‍್ಯಾಮ್ ಪೂರ್ತಿ ತೆಗೆದು ಆರಂಭಿಸಿದಾಗ ಬೀಪ್ ಕೇಳಿದರೆ, ಬೋರ್ಡೂ ಪ್ರೊಸೆಸರೂ ಬದುಕಿವೆ ಎಂಬುದಕ್ಕೆ ಅದಕ್ಕಿಂತ ಸುಲಭದ ಸಾಕ್ಷಿ ಬೇರೆ ಇಲ್ಲ.

ರ‍್ಯಾಮಿನ ತಲೆಮಾರುಗಳಾದ ಡಿಡಿಆರ್2 ಮತ್ತು ಡಿಡಿಆರ್3 ಎರಡಕ್ಕೂ 240 ಪಿನ್ನುಗಳೇ ಆದರೂ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಡಿಡಿಆರ್4ಕ್ಕೆ 288 ಪಿನ್. ಕಚ್ಚು ಹೊಂದದಿದ್ದರೆ ಬಲ ಹಾಕಬಾರದು, ಹೊಂದಿದ್ದರೆ ಅಂಜದೆ ಎರಡೂ ತುದಿಯ ಕ್ಲಿಪ್ ಟಕ್ಕೆಂದು ಬೀಳುವವರೆಗೆ ಒತ್ತಬೇಕು. ವರ್ಷಗಳಿಂದ ಖಾಲಿಯಿದ್ದ ಸ್ಲಾಟಿನಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಮೃದುವಾದ ಬ್ರಷ್ಷಿನಿಂದ ಗುಡಿಸಿ, ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಒರೆಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ. ರಬ್ಬರಿನ ಚೂರು ಸ್ಲಾಟಿನೊಳಗೆ ಬೀಳದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಇನ್ನೊಂದು ದೋಷವನ್ನು ನಾವೇ ಬಿತ್ತಿದಂತಾಗುತ್ತದೆ.

ಕಚ್ಚೂ ಸರಿ, ಒತ್ತಿದ್ದೂ ಸರಿ, ಆದರೂ ಗುರುತಾಗದು ಎಂಬಲ್ಲಿ ಸ್ಟಿಕ್ಕಿನ ಮೇಲಿನ ಚಿಪ್ಪುಗಳನ್ನು ಎಣಿಸಿ. ಇದನ್ನು ಹೆಚ್ಚಿನವರು ಗಮನಿಸುವುದಿಲ್ಲ. 4 ಜಿಬಿ ಡಿಡಿಆರ್3 ಸ್ಟಿಕ್ಕನ್ನು 2 ಗಿಗಾಬಿಟ್ಟಿನ 16 ಚಿಪ್ಪುಗಳಿಂದಲೂ ಕಟ್ಟಬಹುದು, 4 ಗಿಗಾಬಿಟ್ಟಿನ 8 ಚಿಪ್ಪುಗಳಿಂದಲೂ ಕಟ್ಟಬಹುದು. ಇಂಟೆಲ್ ಜಿ41 ಚಿಪ್‌ಸೆಟ್ಟಿನ (ಬೋರ್ಡಿನ ನಿಯಂತ್ರಕ ಚಿಪ್ಪು) ಬೋರ್ಡುಗಳು ಮೊದಲನೆಯ ಬಗೆಯನ್ನಷ್ಟೇ ಬಲ್ಲವು; ಎರಡನೆಯದನ್ನು ಹಾಕಿದರೆ ಒಂದೋ ಯಂತ್ರ ಏಳದು, ಇಲ್ಲವೇ ಪೂರ್ಣ ಗಾತ್ರ ಕಾಣಿಸದು. ಅದೇ ಸ್ಟಿಕ್ ಆಮೇಲಿನ ಎಚ್61 ಬೋರ್ಡಿನಲ್ಲಿ ಸಲೀಸಾಗಿ ನಡೆಯುತ್ತದೆ. ನಾನೊಮ್ಮೆ ಇಂಥದ್ದೊಂದು ಸ್ಟಿಕ್ಕನ್ನು ಕೆಟ್ಟಿದೆಯೆಂದು ಮರಳಿಸಿ, ಬದಲಿಗೆ ಬಂದದ್ದೂ ಏಳದೆ, ಎರಡು ದಿನದ ನಂತರ ಪಕ್ಕದಲ್ಲಿ ಹಳೆಯ ಸ್ಟಿಕ್ ಇಟ್ಟು ನೋಡಿದಾಗ ಅದರ ಎರಡೂ ಮೈಗೆ ಎಂಟೆಂಟು ಚಿಪ್ಪುಗಳಿದ್ದು, ಹೊಸತರ ಹಿಂಬದಿ ಬೋಳಾಗಿದ್ದದ್ದು ಕಣ್ಣಿಗೆ ಬಿತ್ತು. ಸರ್ವರುಗಳಿಂದ ಕಳಚಿದ ರಿಜಿಸ್ಟರ್ಡ್ ರ‍್ಯಾಮಿನ ಕಥೆಯೂ ಹೀಗೆಯೇ. ಸ್ಲಾಟಿನಲ್ಲಿ ಕೂತರೂ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಅದು ನಡೆಯುವುದಿಲ್ಲ.

8 ಜಿಬಿ ಹಾಕಿಯೂ ವಿಂಡೋಸ್ 3 ಚಿಲ್ಲರೆ ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ ಎನ್ನುತ್ತಿದ್ದರೆ ಬೋರ್ಡನ್ನು ದೂರಬೇಕಿಲ್ಲ, ಅದು 32 ಬಿಟ್ ವಿಂಡೋಸ್. 64 ಬಿಟ್ ಆವೃತ್ತಿಯನ್ನು ಹೊಸದಾಗಿ ಅನುಸ್ಥಾಪಿಸದೆ ಉಳಿದದ್ದು ಸಿಗುವುದಿಲ್ಲ.

ಎಸ್‌ಎಸ್‌ಡಿ ಮತ್ತು ಬೆಳಗಿನ ನೀಲಿ ಪರದೆ

ಹಳೆಯ ಯಂತ್ರಕ್ಕೆ ಒಂದೇ ಒಂದು ಬದಲಾವಣೆ ಮಾಡಬಹುದೆಂದರೆ ನಾನು ಎಸ್‌ಎಸ್‌ಡಿಯನ್ನೇ ಆರಿಸುತ್ತೇನೆ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್‌ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿ ತಲೆಯ ಕೆಳಗೆ ಬರುವುದನ್ನು ಕಾಯುವುದರಲ್ಲೇ ಅದರ ಹೊತ್ತು ಹೋಗುತ್ತದೆ, ಎಸ್‌ಎಸ್‌ಡಿಗೆ ಆ ಕಾಯುವಿಕೆ ಇಲ್ಲ. ಬೋರ್ಡಿನಲ್ಲಿ ಸೆಕೆಂಡಿಗೆ 300 ಎಂಬಿಯ ಎರಡನೆಯ ತಲೆಮಾರಿನ ಸಾಟಾ ಮಾತ್ರವಿದ್ದು, 600 ಎಂಬಿಯ ಮೂರನೆಯದು ಇಲ್ಲದಿದ್ದರೂ ಲಾಭ ಎದ್ದು ಕಾಣುತ್ತದೆ. ಹೀಗಾಗಿ ವೇಗ ಪರೀಕ್ಷೆಯಲ್ಲಿ 270 ಎಂಬಿ ಬಂದರೆ ಅದನ್ನು ದೋಷವೆಂದು ಬಗೆಯಬಾರದು.

ದೋಷ ಬರುವುದು ಬೇರೆಡೆಯಿಂದ. ಸಾಟಾ ಡಿಸ್ಕುಗಳೊಡನೆ ಬೋರ್ಡ್ ಮಾತಾಡುವ ಕ್ರಮಗಳು ಎರಡು, ಐಡಿಇ ಮತ್ತು ಎಎಚ್‌ಸಿಐ. ವಿಂಡೋಸ್ ಯಾವ ಕ್ರಮದಲ್ಲಿ ಅನುಸ್ಥಾಪಿತವಾಯಿತೋ ಅದನ್ನೇ ನೆಚ್ಚಿಕೊಂಡಿರುತ್ತದೆ. ಬಯಾಸಿನಲ್ಲಿ ಅದನ್ನು ಬದಲಿಸಿದರೆ 7ಬಿ ಎಂದು ಕೊನೆಗೊಳ್ಳುವ ಸಂಕೇತವಿರುವ ನೀಲಿ ಪರದೆ ಬಂದು ಯಂತ್ರ ಮತ್ತೆ ಮತ್ತೆ ಮರುಆರಂಭವಾಗುತ್ತದೆ. ಹಿಂದಿನ ಕ್ರಮಕ್ಕೆ ಮರಳಿಸಿದರೆ ಎಂದಿನಂತೆ ಏಳುತ್ತದೆ. ಎಎಚ್‌ಸಿಐ ಬೇಕೇಬೇಕೆಂದರೆ ವಿಂಡೋಸ್ 8 ಮತ್ತು ಆನಂತರದವುಗಳಲ್ಲಿ ಮುಂದಿನ ಬಾರಿ ಸೇಫ್ ಮೋಡಿನಲ್ಲಿ (ತೀರ ಅಗತ್ಯವಾದದ್ದಷ್ಟೇ ಓಡುವ ಸ್ಥಿತಿ) ಏಳುವಂತೆ ಗೊತ್ತುಮಾಡಿ, ಬಯಾಸಿನಲ್ಲಿ ಕ್ರಮ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದು, ಮತ್ತೆ ಸಾಮಾನ್ಯ ಸ್ಥಿತಿಗೆ ಬಂದರೆ ಸಾಕಾಗುತ್ತದೆ.

ಈ ವಿಷಯ ನನಗೆ ಚೆನ್ನಾಗಿ ಮನದಟ್ಟಾದದ್ದು ಒಂದು ಎಚ್61 ಯಂತ್ರದಿಂದ. ಹೊಸ ಎಸ್‌ಎಸ್‌ಡಿಗೆ ಎಎಚ್‌ಸಿಐ ಕ್ರಮದಲ್ಲಿ ವಿಂಡೋಸ್ ಹಾಕಿ ಕೊಟ್ಟಿದ್ದೆ. ಮರುದಿನ ಬೆಳಿಗ್ಗೆ ನೀಲಿ ಪರದೆ. ಸಾಟಾ ವೈರು ಬದಲಿಸಿ, ಬಯಾಸನ್ನು ಸರಿಪಡಿಸಿದ ಮೇಲೆ ಮಧ್ಯಾಹ್ನವೆಲ್ಲ ಹತ್ತು ಬಾರಿ ಆರಿಸಿ ಹೊತ್ತಿಸಿದರೂ ತಪ್ಪದೆ ಎದ್ದಿತು; ಅದರ ಮರುದಿನ ಬೆಳಿಗ್ಗೆ ಮತ್ತದೇ ನೀಲಿ. ಮಧ್ಯಾಹ್ನಕ್ಕೂ ಬೆಳಿಗ್ಗೆಗೂ ಏನು ವ್ಯತ್ಯಾಸವೆಂದು ಯೋಚಿಸಿದಾಗ ಹೊಳೆದದ್ದು ಇಷ್ಟು: ಆ ಮನೆಯವರು ರಾತ್ರಿ ಮಲಗುವಾಗ ಗೋಡೆಯ ಸ್ವಿಚ್ ಆರಿಸುತ್ತಿದ್ದರು. ಸ್ವಿಚ್ ಹಾಕಿಯೇ ಇದ್ದಾಗ ಎಸ್‌ಎಂಪಿಎಸ್ ಕಳುಹಿಸುವ 5 ವೋಲ್ಟಿನ ಸಣ್ಣ ಪೂರೈಕೆ ಬಯಾಸಿನ ನೆನಪನ್ನು ಕಾಯುತ್ತದೆ. ಸ್ವಿಚ್ ಆರಿದ ಮೇಲೆ ಆ ಹೊಣೆ ಬೋರ್ಡಿನ ಬಟನ್ ಸೆಲ್ಲಿನದು. ಆ ಸೆಲ್ ಸತ್ತಿತ್ತು. ರಾತ್ರಿಯೆಲ್ಲ ನೆನಪು ಅಳಿಸಿಹೋಗಿ, ಬೆಳಿಗ್ಗೆ ಬಯಾಸ್ ತನ್ನ ಮೂಲ ಕ್ರಮವಾದ ಐಡಿಇಗೆ ಮರಳುತ್ತಿತ್ತು.

ಸೆಲ್ ಬಹುಶಃ ವರ್ಷಗಳ ಹಿಂದೆಯೇ ಸತ್ತಿರಬೇಕು. ಹಳೆಯ ವಿಂಡೋಸ್ ಐಡಿಇಯಲ್ಲೇ ಇದ್ದುದರಿಂದ ಮೂಲ ಕ್ರಮಕ್ಕೆ ಮರಳಿದರೂ ಏನೂ ಕಾಣಿಸುತ್ತಿರಲಿಲ್ಲ, ತಪ್ಪಿದ ದಿನಾಂಕವನ್ನು ಇಂಟರ್ನೆಟ್ ತಿದ್ದಿಬಿಡುತ್ತಿತ್ತು. ಎಸ್‌ಎಸ್‌ಡಿ ಬಂದ ಮೇಲೆ ಮುಚ್ಚಿದ್ದು ಬಯಲಾಯಿತು, ಅಷ್ಟೆ. ಹಾಗಾಗಿ ಹಳೆಯ ಯಂತ್ರದ ಮುಚ್ಚಳ ತೆಗೆದ ದಿನವೇ ಸೆಲ್ ಬದಲಿಸಿಬಿಡಿ. ಅದು ಸಿಆರ್2032 ಎಂಬ 3 ವೋಲ್ಟಿನ ಸೆಲ್. ಹೆಸರಿನಲ್ಲಿರುವ 20 ಅದರ ಅಗಲದ ಮಿಲಿಮೀಟರು, 32 ಎಂದರೆ 3.2 ಮಿಲಿಮೀಟರಿನ ದಪ್ಪ.

ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಯಥಾಪ್ರತಿ ಮಾಡಿದವರು ಮೊದಲ ಬಾರಿ ಎಸ್‌ಎಸ್‌ಡಿಯೊಂದನ್ನೇ ಸಿಕ್ಕಿಸಿ ಆರಂಭಿಸಬೇಕು. ಎರಡೂ ಇದ್ದರೆ ಗುರುತಿನ ಸಂಖ್ಯೆ ಒಂದೇ ಆಗಿರುವುದರಿಂದ ವಿಂಡೋಸ್ ಗೊಂದಲಕ್ಕೀಡಾಗಿ ಹಳೆಯದರಿಂದಲೇ ಏಳುತ್ತಿರಬಹುದು. ವೇಗ ಹೆಚ್ಚಲಿಲ್ಲ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ನಕಲು ನಡುವೆ ತಡೆದು ನಿಲ್ಲುತ್ತಿದ್ದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ವರದಿಯನ್ನು ತೆರೆದು ನೋಡಬೇಕು: 5 ಮತ್ತು 197ನೆಯ ಸಾಲುಗಳಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಯಿದ್ದರೆ ಹಳೆಯ ಡಿಸ್ಕಿನ ಮೇಲ್ಮೈಯೇ ಸವೆದಿದೆ, 199ನೆಯ ಸಾಲಷ್ಟೇ ಏರುತ್ತಿದ್ದರೆ ಡಿಸ್ಕ್ ನಿರಪರಾಧಿ, ಸಾಟಾ ವೈರನ್ನು ಬದಲಿಸಿದರಾಯಿತು. ಪಟ್ಟಿಯಂಥ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಅಡಾಪ್ಟರ್ ಮೂಲಕ ಹಾಕಿದಾಗ ವಿಂಡೋಸಿನೊಳಗೆ ಕಂಡರೂ, ಯಾವ ಡಿಸ್ಕಿನಿಂದ ಏಳಬೇಕೆಂಬ ಬಯಾಸಿನ ಬೂಟ್ ಪಟ್ಟಿಯಲ್ಲಿ ಕಾಣದಿರುವುದು ಹಳೆಯ ಬೋರ್ಡುಗಳಲ್ಲಿ ಸಹಜ, ಅವುಗಳ ಬಯಾಸಿಗೆ ಆ ಜಾತಿಯ ಪರಿಚಯವೇ ಇಲ್ಲ.

ಗ್ರಾಫಿಕ್ಸ್ ಕಾರ್ಡ್, ಪ್ರೊಸೆಸರ್

ಕಾರ್ಡ್ ಹಾಕಿದ ಮೇಲೆ ಮಾನಿಟರಿನ ವೈರು ಇನ್ನೂ ಬೋರ್ಡಿನ ಕಿಂಡಿಯಲ್ಲೇ ಇದೆಯೇ ಎಂದು ನೋಡುವುದು ನಗೆ ತರಿಸಿದರೂ ಮೊದಲು ಮಾಡಬೇಕಾದದ್ದು. ಕಾರ್ಡ್ ಕಂಡೊಡನೆ ಹೆಚ್ಚಿನ ಬೋರ್ಡುಗಳು ತಮ್ಮ ಸ್ವಂತ ಗ್ರಾಫಿಕ್ಸನ್ನು ನಿಲ್ಲಿಸಿಬಿಡುತ್ತವೆ. ವೈರು ಸರಿಯಿದ್ದೂ ಪರದೆ ಕಪ್ಪಾಗಿದ್ದರೆ ಕಾರ್ಡ್ ತೆಗೆದು, ಬೋರ್ಡಿನ ಗ್ರಾಫಿಕ್ಸಿನಲ್ಲೇ ಎದ್ದು, ಬಯಾಸನ್ನು ತಯಾರಕರು ಕೊಟ್ಟ ಕೊನೆಯ ಆವೃತ್ತಿಗೆ ಏರಿಸಿ ಮತ್ತೆ ಪ್ರಯತ್ನಿಸಬೇಕು. ಬಯಾಸಿನ ಜಾಗಕ್ಕೆ ಬಂದ ಯುಇಎಫ್‌ಐ ಬರುವುದಕ್ಕಿಂತ ಮುಂಚಿನ ಬೋರ್ಡುಗಳಲ್ಲಿ ಈಚಿನ ಕೆಲವು ಕಾರ್ಡುಗಳು ಚಿತ್ರವನ್ನೇ ಕೊಡುವುದಿಲ್ಲ, ಅಲ್ಲಿ ಕಾರ್ಡ್ ಬದಲಿಸದೆ ದಾರಿಯಿಲ್ಲ.

ಪ್ರೊಸೆಸರ್ ಬದಲಿಸುವವರಿಗೆ ಸಾಕೆಟ್ ಹೊಂದುವುದೊಂದೇ ಸಾಲದು. 2011ರ 6ನೆಯ ಸರಣಿಯ ಇಂಟೆಲ್ ಬೋರ್ಡುಗಳಿಗೂ 2012ರ ಮೂರನೆಯ ತಲೆಮಾರಿನ ಕೋರ್ ಪ್ರೊಸೆಸರುಗಳಿಗೂ ಎಲ್‌ಜಿಎ 1155 ಸಾಕೆಟ್ ಒಂದೇ, ಆದರೆ ಬಯಾಸ್ ಹಳತಾಗಿದ್ದರೆ ಪರದೆ ಮೂಡುವುದಿಲ್ಲ. ಹಳೆಯ ಪ್ರೊಸೆಸರನ್ನು ಮತ್ತೆ ಕೂರಿಸಿ, ಬಯಾಸ್ ಏರಿಸಿ, ಆಮೇಲೆ ಹೊಸತನ್ನು ಹಾಕಬೇಕು. ಎದ್ದು ಒಂದೆರಡು ನಿಮಿಷದಲ್ಲೇ ಆರಿಹೋದರೆ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ನಾಲ್ಕು ಒತ್ತುಪಿನ್ನುಗಳಲ್ಲಿ ಒಂದು ಬೋರ್ಡಿನಿಂದ ಎದ್ದಿರಬಹುದು. ಬಯಾಸಿನಲ್ಲಿ ತಾಪಮಾನ ನಿಮಿಷದೊಳಗೆ 90 ಡಿಗ್ರಿ ದಾಟುವುದು ಕಂಡರೆ ಕೂಡಲೇ ಆರಿಸಿ, ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ, ಕಡಲೆಕಾಳಿಗಿಂತ ತುಸು ಚಿಕ್ಕದಾಗಿ ಹೊಸ ಪೇಸ್ಟ್ ಇಟ್ಟು ಹೀಟ್‌ಸಿಂಕನ್ನು ಮತ್ತೆ ಕೂರಿಸಬೇಕು.

ವಿಂಡೋಸ್ 11ರ 24ಎಚ್2 ಆವೃತ್ತಿ ಕೋರ್ 2 ಪ್ರೊಸೆಸರುಗಳಲ್ಲಿ ಏಳುವುದೇ ಇಲ್ಲ, ಅದಕ್ಕೆ ಬೇಕಾದ ಪಾಪ್‌ಕೌಂಟ್ ಎಂಬ ಸೂಚನೆ ಅವುಗಳಲ್ಲಿಲ್ಲ. ಇದಕ್ಕಾಗಿ ರ‍್ಯಾಮನ್ನೋ ಡಿಸ್ಕನ್ನೋ ಬದಲಿಸುತ್ತ ಕೂರಬಾರದು.

ಎದ್ದ ಮೇಲೆ ಸ್ತಬ್ಧವಾಗುವ ಯಂತ್ರ

ಗಂಟೆಗಟ್ಟಲೆ ಸರಿಯಾಗಿ ನಡೆದು ಎಲ್ಲೋ ಒಮ್ಮೆ ನಿಲ್ಲುವ ಯಂತ್ರಕ್ಕೆ ಮೊದಲ ಪರೀಕ್ಷೆ ಮೆಮ್‌ಟೆಸ್ಟ್86 ಪ್ಲಸ್ ಎಂಬ ಉಚಿತ ತಂತ್ರಾಂಶ. ಪೆನ್‌ಡ್ರೈವಿನಿಂದ ಆರಂಭಿಸಿ ರಾತ್ರಿಯಿಡೀ ಓಡಲು ಬಿಟ್ಟರೆ, ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮಿನಲ್ಲಿ ತೊಡಕಿದೆಯೆಂದು ತಿಳಿಯಬೇಕು. ಆಗ ಒಂದೊಂದೇ ಸ್ಟಿಕ್ಕನ್ನು ಒಂದೊಂದೇ ಸ್ಲಾಟಿನಲ್ಲಿಟ್ಟು ಮತ್ತೆ ಓಡಿಸಿದರೆ ತಪ್ಪು ಸ್ಟಿಕ್ಕಿನದೋ ಸ್ಲಾಟಿನದೋ ಎಂಬುದು ಬೇರ್ಪಡುತ್ತದೆ. ಎರಡು ಸ್ಟಿಕ್ ಬಿಡಿಬಿಡಿಯಾಗಿ ಪಾಸಾಗಿ, ಜೊತೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಬಯಾಸಿನಲ್ಲಿ ರ‍್ಯಾಮಿನ ವೇಗವನ್ನು ಒಂದು ಮೆಟ್ಟಿಲು ಇಳಿಸಿ ನೋಡಬೇಕು.

ರ‍್ಯಾಮ್, ತಾಪಮಾನ, ಡಿಸ್ಕಿನ ವರದಿ, ನಡೆಯುತ್ತಿರುವಾಗಿನ 12 ವೋಲ್ಟ್ ಎಲ್ಲವೂ ಸರಿಯಿದ್ದು ಯಂತ್ರ ಹಟ ಬಿಡದಿದ್ದರೆ, ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಒಣಗಿದ ರಟ್ಟಿನ ಮೇಲಿಟ್ಟು, ಒಂದೇ ಸ್ಟಿಕ್ಕಿನೊಡನೆ ಆರಂಭಿಸಬೇಕು. ಹೊರಗೆ ಸುಗಮವಾಗಿ ನಡೆದು ಒಳಗೆ ಮಾತ್ರ ಕೈಕೊಡುವ ಬೋರ್ಡಿನ ಕೆಳಗೆ, ಅದರ ಯಾವ ರಂಧ್ರಕ್ಕೂ ಹೊಂದದ ಹಿತ್ತಾಳೆಯ ಆಧಾರ ತಿರುಪೊಂದು ಉಳಿದುಕೊಂಡು ಹಿಂಬದಿಯ ಬೆಸುಗೆಗಳನ್ನು ತಾಗುತ್ತಿರಬಹುದು. ಬೋರ್ಡಿನ ರಂಧ್ರಗಳನ್ನು ಎಣಿಸಿ, ಕ್ಯಾಬಿನೆಟ್ಟಿನ ತಿರುಪುಗಳನ್ನು ಎಣಿಸಿ, ಹೆಚ್ಚಿರುವುದನ್ನು ಕಳಚಿ ತೆಗೆದ ಮೇಲೆ ಬೋರ್ಡನ್ನು ಒಳಗಿಟ್ಟು ತಿರುಪು ಬಿಗಿಯಬಹುದು.